ಬದುಕಿದ್ದ ಪಾರ್ವತಜ್ಜಿಗೆ ಬಂದ ನೋಟಿಸು

“ಸರ, ನಿಮ್ಮ ಅಂಕಣ ಓದಿ ಯಾರೋ ಒಬ್ಬರು ಅರ್ಜಿ ಹಾಕ್ಯಾರ್ರಿ. ಪಾರ್ವತಿ ವೇಳಿಪ ಸತ್ತಾಳ, ಓಟರ್ ಲಿಸ್ಟಿಂದ ಹೆಸರು ತಗೀರಿ ಅಂತ. ಆ ಪಾರ್ವತಜ್ಜಿ ನನ್ನ ಎದುರಿಗೇ ಕುಂತಾಳ್ರಿ. ಮಾತಾಡ್ತೀರೇನು?”

ಬೆಳಿಗ್ಗೆ ಹತ್ತೂವರೆ. ದಾಂಡೇಲಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಎರಡನೇ ಚಹಾ ಕುಡಿಯುತ್ತಿದ್ದೆ. ಈ ಅಂಕಣದ ಕೆಳಗೆ ನನ್ನ ಫೋನ್ ನಂಬರ್ ಅಚ್ಚಾಗುತ್ತದೆ. ಬೈಯುವವರು, ಹೊಗಳುವವರು, ಪ್ಲಾಟ್ ಮಾರುವವರು, ಎಲ್ಲರೂ ಕರೆ ಮಾಡುತ್ತಾರೆ. ‘ಸತ್ತವರ’ ಕಡೆಯಿಂದ ಕರೆ ಬಂದದ್ದು ಇದೇ ಮೊದಲು.

ಕರೆ ಮಾಡಿದವರು ಸುಜಾತಾ. ಗಣೇಶಗುಡಿಯಿಂದ ಒಳಗೆ, ಕಾಡಿನ ಅಂಚಿನ ಒಂದು ಊರಿನ ಅಂಗನವಾಡಿ ಕಾರ್ಯಕರ್ತೆ. ಅದರ ಜೊತೆಗೆ ಬಿಎಲ್‌ಒ ಕೆಲಸವೂ ಅವರದೇ. ಅಂದರೆ ಆ ಮತಗಟ್ಟೆಯ ವ್ಯಾಪ್ತಿಯ ಮನೆಮನೆಗೆ ಹೋಗಿ ಯಾರಿದ್ದಾರೆ, ಯಾರಿಲ್ಲ ಎಂದು ನೋಡಿ ಮತದಾರರ ಪಟ್ಟಿ ಸರಿಯಾಗಿಡುವವರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ನನ್ನ ರಾಜಕೀಯ ನಿಮಗೆ ಗೊತ್ತೇ ಇದೆ. ಸರ್ಕಾರ ಚಿಕ್ಕದಿರಬೇಕು. ನಿಯಮ ಕಡಿಮೆ ಇರಬೇಕು. ಇದ್ದ ನಿಯಮ ಎಲ್ಲರಿಗೂ ಒಂದೇ ಇರಬೇಕು. ಹೀಗೆ ಮಾತಾಡುವವರನ್ನು ಅಮೆರಿಕದಲ್ಲಿ ಕನ್ಸರ್ವೇಟಿವ್ ಎನ್ನುತ್ತಾರೆ. (ದಾಂಡೇಲಿಯಲ್ಲಿ ‘ಕಿರಿಕಿರಿ ಮುದುಕ’ ಎನ್ನುತ್ತಾರೆ.) ಹಾಗಾಗಿ ಅಲ್ಲಿನ ರಾಜಕೀಯವನ್ನು ನಾನು ಆಸಕ್ತಿಯಿಂದ ನೋಡುತ್ತೇನೆ, ಆಗಾಗ ಬರೆಯುತ್ತೇನೆ.

ಹೋದ ತಿಂಗಳು ಬರೆದದ್ದು ಅಲ್ಲಿನ ಮತದಾರರ ಪಟ್ಟಿಯ ಜಗಳದ ಬಗ್ಗೆ. ವೋಟು ಹಾಕುವಾಗ ಗುರುತಿನ ಚೀಟಿ ತೋರಿಸಬೇಕೇ? ಸತ್ತವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕೇ? ನಮಗೆ ಇವು ಪ್ರಶ್ನೆಗಳೇ ಅಲ್ಲ. ಅಲ್ಲಿ ಇವೇ ಯುದ್ಧ. ಒಂದು ಚಾನೆಲ್ ಹಚ್ಚಿದರೆ, ಪಟ್ಟಿ ತೊಳೆಯದಿದ್ದರೆ ಚುನಾವಣೆಯೇ ಮೋಸ. ಇನ್ನೊಂದು ಹಚ್ಚಿದರೆ, ತೊಳೆಯುವುದೇ ಬಡವರ ವಿರುದ್ಧ ಪಿತೂರಿ. ದೊಡ್ಡ ಮಾಧ್ಯಮಗಳು ಹೆಚ್ಚಾಗಿ ಎರಡನೆಯ ಕಡೆಗೇ ವಾಲಿವೆ, ಅರ್ಧ ಸುದ್ದಿ ಮಾತ್ರ ಹೇಳುತ್ತವೆ ಎಂದು ಬರೆದೆ. ಇವತ್ತಿಗೂ ನನಗೆ ಹಾಗೇ ಅನ್ನಿಸುತ್ತದೆ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೊನೆಯ ಪ್ಯಾರಾದಲ್ಲಿ ಅಮೆರಿಕ ಬಿಟ್ಟು ಊರಿಗೆ ಬಂದೆ. ‘ನಮ್ಮ ಪಟ್ಟಿಯ ತುಂಬಾ ಸತ್ತವರೇ ಇದ್ದಾರೆ. ಮನೆಮನೆಗೆ ಹೋಗಬೇಕಾದ ಬಿಎಲ್‌ಒಗಳು ತಮ್ಮ ಮನೆಯಲ್ಲೇ ಕುಳಿತು ಟಿಕ್ ಹಾಕುತ್ತಾರೆ. ಓದುಗರೇ, ನೀವೇ ಅರ್ಜಿ ಹಾಕಿ!’

ಯಾರು ಹೇಳಿದ್ದು ನನಗೆ ಇದನ್ನು? ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಇಬ್ಬರು ಮಾತಾಡಿಕೊಂಡದ್ದು. ಅಷ್ಟೇ ನನ್ನ ಸಂಶೋಧನೆ.

“ಅರ್ಜಿ ಹಾಕಿದವರು ಯಾರಮ್ಮಾ?” ಎಂದು ಸುಜಾತಾ ಅವರನ್ನು ಕೇಳಿದೆ.

“ಗುರುಸಿದ್ದಪ್ಪ ಅಂತ್ರಿ. ದಾಂಡೇಲಿಯವರ. ನಿಮ್ಮ ಬರಹದ ಕಟಿಂಗೂ ಹಚ್ಚ್ಯಾರ್ರಿ ಅರ್ಜಿಗೆ.”

ಗುರುಸಿದ್ದಪ್ಪ! ಕಾಗದದ ಕಾರ್ಖಾನೆಯಲ್ಲಿ ನನ್ನ ಜೊತೆ ಕೆಲಸ ಮಾಡಿ, ನನ್ನ ಜೊತೆಯೇ ನಿವೃತ್ತನಾಗಿ, ದಿನಾ ಬೆಳಿಗ್ಗೆ ನನ್ನ ಜೊತೆ ವಾಕಿಂಗ್ ಬರುವ ಗೆಳೆಯ. ನನ್ನ ಬರಹವನ್ನು ಓದಿ ಅದರಂತೆ ನಡೆದ ಏಕೈಕ ಮನುಷ್ಯ.

ಆದದ್ದು ಇಷ್ಟು. ಗುರುಸಿದ್ದಪ್ಪನ ಅಳಿಯ ಗಣೇಶಗುಡಿಯಲ್ಲಿ ಹೋಮ್‌ಸ್ಟೇ ನಡೆಸುತ್ತಾನೆ. ಪಕ್ಕದ ಊರಿನ ಪಾರ್ವತಿ ವೇಳಿಪ ತೀರಿಕೊಂಡ ಸುದ್ದಿ ಅವನ ಮನೆಯಲ್ಲಿ ಕಿವಿಗೆ ಬಿದ್ದಿದೆ. ಸುದ್ದಿ ನಿಜವೇ. ಆದರೆ ಆ ಊರಿನಲ್ಲಿ ಪಾರ್ವತಿ ವೇಳಿಪ ಇಬ್ಬರಿದ್ದರು. ಗುರುಸಿದ್ದಪ್ಪ ಪಟ್ಟಿ ತೆರೆದಿದ್ದಾನೆ, ಹೆಸರು ಹುಡುಕಿದ್ದಾನೆ, ಮೊದಲು ಕಂಡ ಪಾರ್ವತಿಯ ಮೇಲೆ ಅರ್ಜಿ ಹಾಕಿದ್ದಾನೆ.

ಮರುದಿನ ಬೆಳಿಗ್ಗೆ ಅವನ ಕಾರಿನಲ್ಲೇ ಹೊರಟೆವು. ಅವನ ಮುಖ ಗಂಟಾಗಿತ್ತು.

“ನೀ ಬರದಿ, ನಾ ಹಾಕಿದೆ. ಇದರಾಗ ನಂದೇನು ತಪ್ಪಪಾ?”

“ಹಾಕೂ ಮೊದಲ ಒಂದ್ಸಲ ಹೋಗಿ ನೋಡಬೇಕಿತ್ತಲ್ಲೋ.”

“ನೀ ಹೋಗಿ ನೋಡಿ ಬರದಿದ್ದೇನು?”

ಗಣೇಶಗುಡಿಯ ಸೇತುವೆ ದಾಟುವವರೆಗೂ ನಾನು ಕಿಟಕಿಯಾಚೆಯ ಮರ ಎಣಿಸಿದೆ.

ಸುಜಾತಾ ಅಂಗನವಾಡಿಯ ಬಾಗಿಲಲ್ಲಿ ಕಾಯುತ್ತಿದ್ದರು. ತವರು ಹಳಿಯಾಳದ ಕಡೆಯ ಸಾಂಬ್ರಾಣಿ ಎಂಬ ಹಳ್ಳಿ, ಮದುವೆ ಮಾಡಿ ಕೊಟ್ಟದ್ದು ಈ ಊರಿಗೆ. ಬಂದ ಮೇಲೆ ಕೊಂಕಣಿ ಕಲಿತರಂತೆ, ಅಂಗನವಾಡಿಯ ಮಕ್ಕಳಿಂದಲೇ. ಸಹಾಯಕಿಗೆ ಮಕ್ಕಳನ್ನು ಒಪ್ಪಿಸಿ, ಚೀಲ ಹೆಗಲಿಗೇರಿಸಿ, “ಬರ್ರಿ, ಕಾರು ಇಲ್ಲೇ ಇರ್ಲಿ. ಮುಂದ ಕಾಲೇ ಗಾಡಿ” ಎಂದರು.

ಹಳ್ಳ ದಾಟಿ, ಗುಡ್ಡ ಹತ್ತಿ, ಅರ್ಧ ತಾಸು ನಡೆದೆವು. ಗುರುಸಿದ್ದಪ್ಪ ಮೂರು ಕಡೆ ಕುಳಿತ. ನಾನು ಎರಡು ಕಡೆ. ಸುಜಾತಾ ಎಲ್ಲೂ ಕೂರಲಿಲ್ಲ.

“ಹಿಂಗ ಎಷ್ಟ್ ಸಲ ಬರ್ತೀರ್ರಿ ಅಕ್ಕೋರ?” ಎಂದು ಏದುಸಿರಿನಲ್ಲೇ ಕೇಳಿದ ಗುರುಸಿದ್ದಪ್ಪ.

“ಅಜ್ಜಿ ಸಲುವಾಗಿ ಈ ವಾರ ಇದು ಮೂರನೇದ್ರಿ.”

ಮನೆಯಲ್ಲೇ ಕುಳಿತು ಟಿಕ್ ಹಾಕುವವರು! ನಾನು ನೆಲ ನೋಡಿಕೊಂಡು ನಡೆದೆ.

ಪಾರ್ವತಜ್ಜಿಯ ಮನೆ ಸಣ್ಣದು, ಅಂಗಳ ದೊಡ್ಡದು, ಸಗಣಿ ಸಾರಿಸಿದ ನೆಲ. ಬಾಗಿಲ ಪಕ್ಕದಲ್ಲಿ ಎರಡು ಗೋಣಿಚೀಲ ಬಾಯಿ ಕಟ್ಟಿ ನಿಲ್ಲಿಸಿತ್ತು. ಒಂದರಿಂದ ಹಿತ್ತಾಳೆ ಚರಿಗೆಯ ಅಂಚು ಇಣುಕುತ್ತಿತ್ತು.

“ಊರಿಗೆ ಹೊಂಟಾರೇನು?” ಎಂದು ಕೇಳಿದೆ.

ಸುಜಾತಾ ಹೆಗಲ ಚೀಲ ಇಳಿಸಿ ಕೆಳಗಿಟ್ಟರು. ಆಮೇಲೆ ಹೇಳಿದರು.

“ಅರ್ಜಿ ಬಂದ ಮ್ಯಾಲೆ ಆಫೀಸಿಂದ ವಿಚಾರಣೆ ನೋಟಿಸು ಬರ್ತೈತ್ರಿ ಸರ. ಅದು ಅಂಚಿಯಾಗ ಬಂತು. ಅಜ್ಜಿಗೆ ಓದಾಕ ಬರೂದಿಲ್ಲ. ಮಗ-ಸೊಸಿ ಗೋವಾಕ್ಕ ಕೆಲಸಕ್ಕ ಹೋಗಿದ್ರು. ಸೂಪಾ ಡ್ಯಾಮಿನ ನೀರಾಗ ಇವರ ಹಳೇ ಊರು ಮುಳುಗೂ ಮುಂದ ಮನಿಗೆ ಹಿಂಗ ಒಂದು ಕಾಗದ ಬಂದಿತ್ತಂತ್ರಿ. ಆಮ್ಯಾಲೆ ಮನಿ ಬಿಟ್ಟು ಬಂದ್ರು. ಸರ್ಕಾರದ ಕಾಗದ ಅಂದ್ರ ಮನಿ ಖಾಲಿ ಮಾಡೂದು ಅಂತ ಅಜ್ಜಿ ಲೆಕ್ಕ. ಎರಡು ದಿನ ಒಲಿ ಹಚ್ಚಿಲ್ಲ. ಭಾಂಡೆ ಎಲ್ಲಾ ಚೀಲಕ್ಕ ತುಂಬಿ, ಯಾರು ಬರ್ತಾರ ಅಂತ ಬಾಗಲಾಗ ಕುಂತಿದ್ಳು. ನಾ ಅರ್ಜಿ ಪರಿಶೀಲನಾಕ್ಕ ಬಂದಾಗ ನನ್ನ ಕೈ ಹಿಡ್ಕೊಂಡು, ಈ ಸಲ ಎಲ್ಲಿಗೆ ಕಳಸ್ತೀರಿ ಅಂತ ಕೇಳಿದ್ಳ್ರಿ.”

ನಾನು ಬರೆದದ್ದು ಒಂದು ಪ್ಯಾರಾ. ಅದು ಗುಡ್ಡ ಹತ್ತಿ ಇಲ್ಲಿಗೆ ಬಂದು, ಒಬ್ಬ ಮುದುಕಿಯ ಒಲೆಯನ್ನು ಎರಡು ದಿನ ಆರಿಸಿತ್ತು.

ಗುರುಸಿದ್ದಪ್ಪ ದೊಡ್ಡ ದನಿಯ ಮನುಷ್ಯ. ಕಾರ್ಖಾನೆಯ ಯಂತ್ರದ ಸದ್ದಿನಲ್ಲಿ ಮಾತಾಡಿ ಮಾತಾಡಿ ಬೆಳೆದ ದನಿ ಅದು. ಅವತ್ತು ಅದು ಅರ್ಧಕ್ಕಿಳಿದಿತ್ತು. ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕೈ ಮುಗಿದ. “ತಪ್ಪಾತಬೇ. ನಾನ ಅದನ್ನ ಬರದವ. ನೀ ಸತ್ತೀ ಅಂತ.”

ಸುಜಾತಾ ಅದನ್ನು ಕೊಂಕಣಿಗೆ ತಿರುಗಿಸಿದರು. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ನನ್ನನ್ನೂ ನೋಡಿದಳು. ಆಮೇಲೆ ಏನೋ ಹೇಳಿ ಹಲ್ಲಿಲ್ಲದ ಬಾಯಿ ತುಂಬಾ ನಕ್ಕಳು.

“ಏನಂದ್ರು?”

“ಬದುಕಿದ್ದವರ ಸಾವಿನ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚಾಗ್ತೈತಂತ್ರಿ. ನಿಮ್ಮಿಬ್ಬರಿಂದ ಹತ್ತು ವರ್ಷ ಬಂತಂತ. ಊಟ ಮಾಡ್ದ ಹೋಗಬ್ಯಾಡ್ರಿ ಅಂತಾಳ.”

ಬೇಯಿಸಿದ ಗಡ್ಡೆ, ಹಸಿಮೆಣಸಿನಕಾಯಿ ಚಟ್ನಿ, ಮುರುಗಲ ಹಣ್ಣಿನ ಶರಬತ್ತು. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ನುಂಗಿದ ಊಟ ಇನ್ನೊಂದಿಲ್ಲ. ಅಷ್ಟು ರುಚಿಯಾದದ್ದೂ ಇಲ್ಲ.

ಉಣ್ಣುತ್ತಲೇ ಸುಜಾತಾ ಅವರನ್ನು ಕೇಳಿದೆ. ಪಟ್ಟಿಯಲ್ಲಿ ಸತ್ತವರ ಹೆಸರು ಉಳಿಯುವುದು ಸುಳ್ಳೇನು?

“ಸುಳ್ಳಲ್ರಿ ಸರ. ಉಳೀತಾವ. ತಗೀಬೇಕು, ನಾನೂ ಅದನ್ನ ಹೇಳೂದು. ಆದ್ರ ಯಾಕ ಉಳೀತಾವ ಕೇಳ್ರಿ. ಹೋದ ವರ್ಷ ಕೆಳಗಿನ ಕೇರಿಯಾಗ ಒಬ್ಬಾಕಿ ಗಂಡ ತೀರಿದ. ಹೆಸರು ತಗಿಯಾಕ ಹೋದ್ರ, ಬ್ಯಾಡ್ರಿ ಅಕ್ಕೋರ, ಲಿಸ್ಟಿನ್ಯಾಗರ ಇರ್ಲಿ ಅಂತ ಅತ್ಳು. ನಾ ಏನ್ ಮಾಡ್ಲಿ? ಚಹಾ ಕುಡದು ಬಂದೆ. ಹದಿನೈದು ದಿನ ಬಿಟ್ಟು ಮತ್ತ ಹೋಗಿ, ಆಕಿ ಕೈಯಾಗ ಮರಣ ಪ್ರಮಾಣಪತ್ರ ಇಸ್ಕೊಂಡು ತಗದೆ.”

ಅಮೆರಿಕದ ಯಾವ ಚಾನೆಲ್ಲೂ ಇದನ್ನು ಹೇಳಿರಲಿಲ್ಲ. ಎಡದ್ದೂ ಇಲ್ಲ, ಬಲದ್ದೂ ಇಲ್ಲ. ಸತ್ತವರ ಹೆಸರು ಉಳಿಯುವುದಕ್ಕೆ ಮೋಸ, ಸೋಮಾರಿತನ ಮಾತ್ರ ಕಾರಣ ಎಂದು ನಾನು ತಿಳಿದಿದ್ದೆ. ಒಬ್ಬ ಹೆಂಗಸಿನ ಅಳುವೂ ಕಾರಣ ಇರಬಹುದು ಎಂದು ತಿಳಿಯಲು ಗುಡ್ಡ ಹತ್ತಬೇಕಾಯಿತು.

“ಮತ್ತ ನೀವು ಸರ್ಕಾರ ಸಣ್ಣದು ಮಾಡ್ರಿ ಅಂತ ಬರೀತೀರಲ್ರಿ,” ಸುಜಾತಾ ಮುಂದುವರಿಸಿದರು. “ಬರೀರಿ. ಆದ್ರ ಕತ್ತರಿ ಎಲ್ಲಿ ಹಾಕಬೇಕು ನನ್ನ ಕೇಳ್ರಿ. ಒಂದ ಕೂಸಿನ ತೂಕ ನಾ ರಜಿಸ್ಟರಿನ್ಯಾಗ ಬರೀತೇನಿ, ಮೊಬೈಲಿನ್ಯಾಗ ಹಾಕ್ತೇನಿ, ಮತ್ತ ಮೀಟಿಂಗಿಗೆ ಹಾಳಿಮ್ಯಾಲೆ ಬರಕೊಂಡು ಒಯ್ತೇನಿ. ಅಲ್ಲಿ ಹಾಕ್ರಿ ಕತ್ತರಿ. ಮನಿಮನಿಗೆ ಹೋಗೂದ್ರ ಮ್ಯಾಲೆ ಹಾಕಬ್ಯಾಡ್ರಿ.”

ಆಡಳಿತ ಸುಧಾರಣೆಯ ಬಗ್ಗೆ ನಾನು ಇಷ್ಟು ವರ್ಷ ಬರೆದದ್ದಕ್ಕಿಂತ ಇದು ಸ್ಪಷ್ಟವಾಗಿತ್ತು.

ವಿಚಾರಣೆಯ ದಿನ ಜೋಯಿಡಾದ ತಾಲೂಕು ಕಚೇರಿಗೆ ಅಜ್ಜಿಯನ್ನು ಕರೆದೊಯ್ದದ್ದು ಗುರುಸಿದ್ದಪ್ಪನೇ. ಹಳ್ಳದ ತನಕ ನಡೆದುಹೋಗಿ, ಕೈ ಹಿಡಿದು ದಾಟಿಸಿ, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದ. ನಾನು ಹಿಂದಿನ ಸೀಟಿನಲ್ಲಿ, ಸುಜಾತಾ ಪಕ್ಕದಲ್ಲಿ. ಅಜ್ಜಿ ಉಳವಿಯ ಜಾತ್ರೆಗೆ ಹೋಗುವಾಗ ಉಡುವ ಸೀರೆ ಉಟ್ಟಿದ್ದಳು. ಗುರುತಿನ ಚೀಟಿ ದಾರಿಯುದ್ದಕ್ಕೂ ಮುಷ್ಟಿಯಲ್ಲೇ ಇತ್ತು.

ಅಧಿಕಾರಿ ಕಾಗದ ನೋಡಿದರು, ಅಜ್ಜಿಯನ್ನು ನೋಡಿದರು. ಸುಜಾತಾ ತಮ್ಮ ವರದಿ ಕೊಟ್ಟರು. ಗುರುಸಿದ್ದಪ್ಪ ಎದ್ದು ನಿಂತು, ಯಾರೂ ಕೇಳುವ ಮೊದಲೇ ಹೇಳಿದ: “ತಪ್ಪು ನಂದ್ರಿ ಸಾಹೇಬರ. ಈ ತಾಯಿ ಛಲೋ ಅದಾಳ. ನಾನ ನೋಡೀನಿ.”

ಐದು ನಿಮಿಷದಲ್ಲಿ ಅರ್ಜಿ ವಜಾ ಆಯಿತು. ಹೆಸರು ಉಳಿಯಿತು. “ಇಷ್ಟೇನಾ?” ಎಂದು ಅಜ್ಜಿ ಸುಜಾತಾರನ್ನು ಕೇಳಿದಳು. ಮನೆ ಎಲ್ಲಿಗೂ ಹೋಗುವುದಿಲ್ಲ ತಾನೇ ಎಂದು ಮತ್ತೊಮ್ಮೆ ಕೇಳಿದಳು. ಸುಜಾತಾ ಅವಳ ಕಿವಿಯ ಹತ್ತಿರ ಬಾಗಿ ಉತ್ತರ ಹೇಳಿದರು. ಅಜ್ಜಿಯ ಮುಷ್ಟಿ ಸಡಿಲವಾದದ್ದು ಆಗ.

ವಾಪಸ್ ಬರುವಾಗ ನಾನು ಯೋಚಿಸುತ್ತಿದ್ದದ್ದು ಒಂದೇ. ಅರ್ಜಿ ಬಂದ ಕೂಡಲೇ ಹೆಸರು ಅಳಿಸಿಬಿಡಬಹುದಿತ್ತು. ಹಾಗಾಗಲಿಲ್ಲ. ನಡುವೆ ಒಂದು ನಿಯಮ ಇತ್ತು: ಮೊದಲು ತಿಳಿಸು, ಹೋಗಿ ನೋಡು, ಆಮೇಲೆ ಅಳಿಸು. ಆ ನಿಯಮವನ್ನು ಪಾಲಿಸಲು ಒಬ್ಬ ಹೆಣ್ಣುಮಗಳು ಇದ್ದಳು. ಬೇಗ ಬೇಗ ಎನ್ನುವ ನನ್ನಂಥವರಿಗೆ ಇಂಥ ನಿಯಮ ‘ವಿಳಂಬ’ದಂತೆ ಕಾಣುತ್ತದೆ. ಹಳೆಯ ನಿಯಮ ಯಾಕಿದೆ ಎಂದು ತಿಳಿಯದೆ ಅದನ್ನು ಕೀಳಬೇಡ ಎಂದು ಹೇಳಬೇಕಾದವನೇ ಕನ್ಸರ್ವೇಟಿವ್ ಅಲ್ಲವೇ? ನಾನೇ ಮರೆತಿದ್ದೆ.

ನನ್ನ ನಿಲುವು ಬದಲಾಗಿಲ್ಲ, ಗಾಬರಿಯಾಗಬೇಡಿ. ಪಟ್ಟಿ ಸ್ವಚ್ಛವಾಗಬೇಕು. ಚೀಟಿ ತೋರಿಸಿಯೇ ವೋಟು ಹಾಕಬೇಕು. ಅಲ್ಲೂ, ಇಲ್ಲೂ. ಮಾಧ್ಯಮ ಅರ್ಧ ಸತ್ಯ ಹೇಳುವುದನ್ನು ನಾನು ಮುಂದೆಯೂ ಬೈಯುತ್ತೇನೆ. ಹೋದ ತಿಂಗಳು ಆ ಅರ್ಧ ಸತ್ಯದವರ ಸಾಲಿನಲ್ಲಿ ನಾನೂ ಇದ್ದೆ ಎನ್ನುವುದನ್ನು ಒಪ್ಪಿಕೊಂಡೇ ಬೈಯುತ್ತೇನೆ.

“ಒಳಗಿನ ಪುಟದಾಗ ಸಣ್ಣದೊಂದು ತಿದ್ದುಪಡಿ ಹಾಕಿದ್ರ ಸಾಕಲ್ರಿ?” ಎಂದು ಸಂಪಾದಕರು ಕೇಳಿದರು. ಬೇಡ ಎಂದೆ. ತಪ್ಪು ಯಾವ ಜಾಗದಲ್ಲಿ, ಎಷ್ಟು ದೊಡ್ಡದಾಗಿ ಅಚ್ಚಾಗಿತ್ತೋ, ತಪ್ಪೊಪ್ಪಿಗೆಯೂ ಅಲ್ಲೇ, ಅಷ್ಟೇ ದೊಡ್ಡದಾಗಿ ಬರಲಿ. ಅವರು ಒಪ್ಪಿದರು. ಅವರಿಗೆ ಥ್ಯಾಂಕ್ಸ್. ಬೈಯದೆ ಫೋನ್ ಮಾಡಿದ ಸುಜಾತಾ ಅಕ್ಕೋರಿಗೆ, ನಮ್ಮಿಬ್ಬರಿಗೂ ಉಣ್ಣಲಿಕ್ಕೆ ಇಟ್ಟ ಪಾರ್ವತಜ್ಜಿಗೆ ಯಾವ ಥ್ಯಾಂಕ್ಸ್ ಸಾಕಾದೀತು? ಈ ಬರಹ ಪೂರ್ತಿ ಅವರದೇ.

ಅಮೆರಿಕದ ಎಷ್ಟೋ ಸೆನೆಟರ್‌ಗಳ ಹೆಸರು ನನಗೆ ಬಾಯಿಪಾಠ. ನಾನು ವೋಟು ಹಾಕುವ ಬೂತಿನ ಬಿಎಲ್‌ಒ ಯಾರು ಎಂದು ಮೊನ್ನೆ ನನ್ನನ್ನೇ ಕೇಳಿಕೊಂಡೆ. ಗೊತ್ತಿರಲಿಲ್ಲ. ಹೋಗಿ ವಿಚಾರಿಸಿದೆ. ದಿನಾ ನನ್ನ ಗೇಟಿನ ಮುಂದೆಯೇ ಹಾದು ಶಾಲೆಗೆ ಹೋಗುವ ಟೀಚರ್ ಅವರು. ಇಷ್ಟು ವರ್ಷದಲ್ಲಿ ಒಂದು ನಮಸ್ಕಾರವನ್ನೂ ಹೇಳಿರಲಿಲ್ಲ.

ನಿಮ್ಮ ಬೂತಿನವರ ಹೆಸರು ನಿಮಗೆ ಗೊತ್ತೇ?