ಟ್ರ್ಯಾಕ್ಟರ್ ಟ್ಯೂಬಿನ ಗಾಳಿ

ಮೊದಲ ಸಲ ಉಸಿರು ಸಿಕ್ಕಿಕೊಂಡದ್ದು ಮೂರನೇ ತರಗತಿಗೆ ಮಗ್ಗಿ ಹೇಳಿಕೊಡುವಾಗ. ಹದಿಮೂರರ ಮಗ್ಗಿ ಅರ್ಧಕ್ಕೇ ನಿಂತಿತು. ಮೇಡಂ ಮರೆತರು ಎಂದು ಮಕ್ಕಳು ನಕ್ಕರು. ನಾನೂ ನಗಲು ಹೋದೆ. ಆಗಲಿಲ್ಲ.

ಅಸ್ತಮಾ.

ಹುಣಸೂರಿನ ಡಾಕ್ಟರು, "ಬ್ಯಾರನ್ ಹೊಗೆ ಕಡೆ ತಲೆ ಹಾಕಬೇಡಿ" ಎಂದರು. ರಾವಂದೂರಿನ ಪಕ್ಕದ ನಮ್ಮೂರಿನಲ್ಲಿ ಮನೆಗೊಂದು ತಂಬಾಕು ಒಣಗಿಸುವ ಬ್ಯಾರನ್. ಒಮ್ಮೆ ಒಲೆ ಹೊತ್ತಿಸಿದರೆ ಸೊಪ್ಪು ಹದವಾಗಿ ಒಣಗುವವರೆಗೆ, ಐದಾರು ದಿನ, ಬೆಂಕಿ ಬಿಟ್ಟು ಕದಲುವಂತಿಲ್ಲ. ನಾನು ಎಲ್ಲಿಗೆ ಹೋಗಲಿ? ಉಸಿರು ಕಟ್ಟಿದಾಗಲೆಲ್ಲ ಔಷಧವನ್ನು ಮಂಜಾಗಿಸಿ ಕೊಡುವ ನೆಬ್ಯುಲೈಸರಿಗಾಗಿ ಹುಣಸೂರಿಗೆ ಓಡುತ್ತಿದ್ದೆ. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಸಾವಿನ ಭಯ ಎಂದರೇನೆಂದು ಗೊತ್ತಾಯಿತು.

ಮಗಳು ಭಾರತಿ ಎಂಜಿನಿಯರಿಂಗ್ ಮುಗಿಸಿ, ಮತ್ತೆ ಮೈಸೂರಿನಲ್ಲಿ ಮೆಡಿಕಲ್ ಸೇರಿದ್ದಳು. "ಒಂದು ಓದು ಸಾಲ್ದೇನವ್ವಾ?" ಎಂದು ಪಕ್ಕದ ಮನೆಯ ಕಾಳಮ್ಮ ಛೇಡಿಸುತ್ತಿದ್ದಳು. ನೆಬ್ಯುಲೈಸರ್ ಮನೆಗೇ ತರೋಣವೆಂದರೆ ಕರೆಂಟು ತನಗೆ ತೋಚಿದಾಗ ಬರುವಂಥದ್ದು. ಭಾರತಿ ಬೇಸಿಗೆ ರಜೆಯೆಲ್ಲ ಹಿತ್ತಿಲಲ್ಲಿ ಕುಳಿತು, ಕರೆಂಟಿಲ್ಲದೆ ನಡೆಯುವಂಥದ್ದೊಂದನ್ನು ಮಾಡಿದಳು: ಕಾಲಲ್ಲಿ ತುಳಿಯುವ ಪಂಪಿನಿಂದ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿಡುವುದು. ಆ ಗಾಳಿ ಫಿಲ್ಟರ್ ದಾಟಿ ಔಷಧದ ಕಪ್ಪಿಗೆ ನುಗ್ಗಿದರೆ, ಮಾಸ್ಕಿನಲ್ಲಿ ಮಂಜು. ಅವಳ ಕಾಲೇಜಿನ ಡಾಕ್ಟರೂ ನೋಡಿ ಒಪ್ಪಿದರು.

ಅಷ್ಟು ಓದಿದವಳು ಒಂದು ತಪ್ಪು ಮಾಡಿದ್ದಳು. ಟ್ರ್ಯಾಕ್ಟರ್ ಇರುವ ಮನೆಯಲ್ಲಿ ಟ್ಯೂಬು ಇಟ್ಟಿದ್ದಳು.

ದಸರಾ ರಜೆಯ ಒಂದು ಮಧ್ಯಾಹ್ನ ಕರೆಂಟಿಲ್ಲ. ಎದೆ ಬಿಗಿಯಿತು. ಭಾರತಿ ಒಳಗೆ ಓಡಿದಳು.

ಟ್ಯೂಬು ಇರಲಿಲ್ಲ.

"ಅಪ್ಪಾ, ಟ್ಯೂಬೆಲ್ಲಿ?"

"ಚಕ್ರ ಪಂಚರಾಗಿತ್ತು ಕಣವ್ವ. ಕುಯ್ದ್ ಸೊಪ್ಪು ಕೆಟ್ಟೋಯ್ತದೆ ಅಂತ ಅದ್ನೇ ಆಕ್ಬುಟ್ಟೆ" ಎಂದರು ನಮ್ಮ ಯಜಮಾನರು.

ಭಾರತಿ ಪಂಪನ್ನೇ ನೇರವಾಗಿ ಕೊಳವೆಗೆ ಜೋಡಿಸಿ, "ತುಳಿ ಅಪ್ಪಾ, ನಿಲ್ಲಿಸ್ಬೇಡ" ಎಂದಳು. ಅವರು ತುಳಿದರು. ಬೆವರಿಳಿದು ಕಾಲು ನಡುಗಿದಾಗ ಕಾಳಮ್ಮ ಬಂದು ತುಳಿದಳು, ಮತ್ತೆ ಅವರು. ಹತ್ತಿಪ್ಪತ್ತು ನಿಮಿಷಕ್ಕೆ ಎದೆ ಸಡಿಲವಾಯಿತು. ಕಣ್ಣು ಬಿಟ್ಟರೆ ಎಲ್ಲರೂ ನನ್ನ ಸುತ್ತಲೇ ಇದ್ದಾರೆ. ಬ್ಯಾರನ್ ಬೆಂಕಿಯ ಹತ್ತಿರ ಯಾರೂ ಇಲ್ಲ.

ಆ ಸಲದ ಸೊಪ್ಪೆಲ್ಲ ಹಾಳಾಯಿತು. ಯಜಮಾನರು ಬದುಕಿದ್ದಷ್ಟು ದಿನವೂ ಆ ಮಾತು ಎತ್ತಲಿಲ್ಲ. ಈಗ ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಪಂಪು ತುಳಿಯುವ ಆ ಕಾಲು.

ಭಾರತಿ ಟ್ಯೂಬಿನ ಸಹವಾಸ ಬಿಟ್ಟು ಎರಡೂ ಕಾಲಲ್ಲಿ ತುಳಿಯುವ ಪಂಪು ಮಾಡಿದಳು. ದಿನವೂ ಇನ್ಹೇಲರ್ ಎಳೆಯುತ್ತೇನೆ; ನನಗೆ ಪಂಪು ಬೇಕಾಗುವುದು ಅಪರೂಪ. ಹೋದ ವಾರ ಬೇಕಾದದ್ದು ಕಾಳಮ್ಮನಿಗೆ. ಅವಳಿಗೂ ಈಗ ಅಸ್ತಮಾ. ಕರೆಂಟಿರಲಿಲ್ಲ.

ನಾನು ಪಂಪಿನ ಮೇಲೆ ಕಾಲಿಟ್ಟೆ.

"ನೀವ್ ಬ್ಯಾಡಿ ಮೇಡಂ, ನಿಮ್ಗೇ ದಮ್ಮು" ಎಂದಳು.

"ಸುಮ್ನೆ ಉಸಿರಾಡು."

ತುಳಿತ ತಪ್ಪದಿರಲೆಂದು ಹದಿಮೂರರ ಮಗ್ಗಿ ಹೇಳಿಕೊಂಡೆ. ಹದಿಮೂರ್ ಹತ್ಲಿ ನೂರಾ ಮೂವತ್ತರವರೆಗೂ ಬಂತು. ಮತ್ತೆ ಒಂದರಿಂದ ಶುರುಮಾಡಿದೆ.