ಟ್ಯಾಂಕ್ ತಿರುಗುವಷ್ಟು ಹೊತ್ತು

ನೈರೋಬಿಯ ಒಂದು ಶಾಲೆಯಲ್ಲಿ ನಾನು ಚರಿತ್ರೆ ಕಲಿಸುತ್ತಿದ್ದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಇಳಿಸಿದ ಮೊಟ್ಟಮೊದಲ ಟ್ಯಾಂಕುಗಳ ಪಾಠವೆಂದರೆ ನನಗೆ ಬಲು ಇಷ್ಟ. ಅವುಗಳದು ಮನುಷ್ಯ ನಡೆಯುವಷ್ಟೇ ವೇಗ. ಒಳಗಿದ್ದವರಿಗೆ ಸಣ್ಣ ಸೀಳಿನಲ್ಲಿ ಕಂಡಷ್ಟೇ ಲೋಕ. ಒಮ್ಮೆ ತಿರುಗಿಸಲು ನಾಲ್ವರು ಬೇಕು. ಎಂಜಿನ್ ಗದ್ದಲದಲ್ಲಿ ಮಾತು ಕೇಳಿಸದು, ಹಾಗಾಗಿ ಚಾಲಕ ಲೋಹದ ಮೇಲೆ ಬಡಿದು ಹಿಂದಿನವರಿಗೆ ತಿಳಿಸಬೇಕು. ನಾನು ಡಸ್ಟರಿನಿಂದ ಮೇಜು ಕುಟ್ಟಿ ತೋರಿಸಿದರೆ ಮಕ್ಕಳು ನಗುತ್ತಿದ್ದರು.

ಎಂಬತ್ತರ ದಶಕದ ಆರಂಭ. ಒಂದು ಭಾನುವಾರ ಬೆಳಿಗ್ಗೆ, ಸೈನಿಕ ದಂಗೆಯಲ್ಲಿ ಸರ್ಕಾರ ಉರುಳಿತೆಂದು ರೇಡಿಯೊ ಹೇಳಿತು. ಹೆಂಡತಿ ಬಾಣಂತನಕ್ಕೆ ಮೈಸೂರಿಗೆ ಹೋಗಿದ್ದಳು. ಕಿಲೆಲೆಶ್ವಾ ಬಡಾವಣೆಯ ಮನೆಯಲ್ಲಿ ನಾನೊಬ್ಬನೇ. ಎದುರು ಮನೆಯ ಬಾಯಮ್ಮ ಮಂಗಳೂರಿನವರು, ನಿವೃತ್ತ ನರ್ಸ್. ಊರಿನ ಇನ್ನೊಂದು ಬದಿಯ ಸೌತ್ ಸಿ ಬಡಾವಣೆಯಲ್ಲಿದ್ದ ಮಗಳಿಗೆ ಫೋನ್ ಮಾಡಲು ನಮ್ಮಲ್ಲಿಗೆ ಬಂದರು. ಲೈನ್ ಸತ್ತಿತ್ತು. ಅಷ್ಟರಲ್ಲಿ ದೂರದಲ್ಲಿ ಗುಂಡಿನ ಸದ್ದು. ಹಾಸಿಗೆ ಹಿಡಿದಿದ್ದ ಅವರ ಗಂಡ ರಸ್ತೆಯಾಚೆ ಒಬ್ಬರೇ ಇದ್ದರು.

ಗೇಟಿನ ಬಳಿ ನಿಂತೆವು. ಬೀದಿಯ ತುದಿಯ ಅಡ್ಡರಸ್ತೆಯಲ್ಲಿ ಒಂದು ಟ್ಯಾಂಕ್, ನಮಗೆ ಪಕ್ಕೆ ತೋರಿಸಿಕೊಂಡು ನಿಂತಿತ್ತು.

“ಅದು ಹೋಗ್ಲಿ, ಆಮೇಲೆ ದಾಟುವ,” ಎಂದರು ಬಾಯಮ್ಮ.

“ಅದು ಈ ಕಡೆ ತಿರುಗೋಕೆ ಹೊತ್ತು ಬೇಕು. ಒಳಗಿರೋರಿಗೆ ನಾವು ಕಾಣೋದೂ ಇಲ್ಲ. ಬನ್ನಿ.”

“ನಿಮಗೆ ಹೇಗೆ ಗೊತ್ತು ಮಾಸ್ಟ್ರೇ? ಅದನ್ನೆಂತ, ನೀವು ಓಡಿಸಿದ್ದೀರಾ?”

“ವರ್ಷಾ ವರ್ಷಾ ಪಾಠ ಮಾಡ್ತೀನಿ ಬಾಯಮ್ಮ.”

ಅವರು ನಂಬಿದರು. ಕೈಹಿಡಿದು ಹೊರಟೆ. ನಡುರಸ್ತೆಯಲ್ಲಿದ್ದಾಗ ಅದು ನಿಂತಲ್ಲೇ ಗಿರ್ರನೆ ತಿರುಗಿ ನಮ್ಮತ್ತ ನುಗ್ಗಿತು. ಅರವತ್ತು ವರ್ಷ ಹಿಂದಿನ ಯಂತ್ರದ ಲೆಕ್ಕವನ್ನು ಇದಕ್ಕೆ ಹಾಕಿದ್ದೆನೆಂದು ಆಗ ಹೊಳೆಯಿತು. ಕಾಲು ಕದಲಲಿಲ್ಲ. ಬಾಯಮ್ಮನೇ ನನ್ನ ಅಂಗಿ ಹಿಡಿದು ಚರಂಡಿಗೆ ಎಳೆದರು. ನೆಲ ನಡುಗಿತು, ಟ್ಯಾಂಕ್ ಮಗ್ಗುಲಲ್ಲೇ ಹಾದುಹೋಯಿತು.

ನನಗೆ ತರಚಿದ ಗಾಯವೂ ಇಲ್ಲ. ಅವರ ಸೊಂಟದ ಮೂಳೆ ಮುರಿದಿತ್ತು.

“ಮೊದಲು ನಮ್ಮ ಯಜಮಾನ್ರ ಹತ್ರ ಹೋಗಿ,” ಎಂದರು, ಹಲ್ಲು ಕಚ್ಚಿ. “ಬಿದ್ದದ್ದು ಹೇಳ್ಬೇಡಿ.”

ಹೆಂಡತಿಗೆ ಬರೆದ ಕಾಗದದಲ್ಲಿ, ಇಲ್ಲಿ ಎಲ್ಲ ಕ್ಷೇಮ ಎಂದಷ್ಟೇ ಬರೆದೆ.

ಆ ತಿಂಗಳ ಕೊನೆಗೆ ಮಗಳು ಇಬ್ಬರನ್ನೂ ಸೌತ್ ಸಿಗೆ ಕರೆದೊಯ್ದಳು. ಕೆಲವು ತಿಂಗಳ ಬಳಿಕ ಒಮ್ಮೆ, ಮಟಾಟು ವ್ಯಾನ್ ಹತ್ತಿ ನೋಡಲು ಹೋದೆ. ಬಾಯಮ್ಮ ಕೋಲೂರಿ ಬಂದು ಕೂತರು. ಮೀನಿನ ರೇಟು, ಅಳಿಯನ ಗೊರಕೆ, ಎಲ್ಲ ಹೇಳಿದರು.

“ಬಾಯಮ್ಮ, ಆವತ್ತು ನಾನು…”

“ಚಾ ತಣ್ಣಗಾಗ್ತದೆ ಮಾಸ್ಟ್ರೇ.”

ಕುಡಿದು ಎದ್ದೆ. ಅವರು ಒಂದು ಮಾತು ಬೈದಿದ್ದರೆ ಮತ್ತೆ ಹೋಗುತ್ತಿದ್ದೆನೇನೋ.