ತೂಬಿನಾಚೆಯ ಸಂಶಯ

ಅಲೊಯಿಸ್ ಸಂಶಯದ ಮನುಷ್ಯ. ಬೇಕರಿಯಲ್ಲಿ ಬ್ರೆಡ್ ಕೊಂಡರೆ ತಿರುಗಿಸಿ ತಳ ತಟ್ಟಿ ನೋಡುವವನು, ಪಾದ್ರಿಗಳು ನಕ್ಕರೆ ಯಾಕೆ ನಕ್ಕರು ಎಂದು ಮನೆ ಮುಟ್ಟುವವರೆಗೂ ತಲೆ ಕೆಡಿಸಿಕೊಳ್ಳುವವನು. ದಕ್ಷಿಣ ಬೊಹೀಮಿಯದ ಒಂದು ಕೆರೆ ಏರಿಯ ಮೇಲಿನ ಮನೆಯಲ್ಲಿ ಹುಟ್ಟಿ, ಅಪ್ಪನ ನಂತರ ಅದೇ ಕೆರೆಗೆ ಕಾವಲುಗಾರನಾದ. ಕ್ರಿಸ್‌ಮಸ್ ಊಟಕ್ಕೆ ಊರೂರಿಗೆ ಹೋಗುವ ಕಾರ್ಪ್ ಮೀನು ಸಾಕುವುದು ಅವನ ಕಸುಬು. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಇಲ್ಲದ್ದು ಹೇಳಬಾರದು.

ಅವನ ಸಂಶಯದಲ್ಲಿ ಸಿಂಹಪಾಲು ಮೇಲಿನ ಕೆರೆಯ ಕಾವಲುಗಾರ ತೊಬಿಯಾಶನಿಗೆ ಮೀಸಲು. ತೊಬಿಯಾಶ್ ಬೇರೆ ಯಾರೂ ಅಲ್ಲ, ಹೆಂಡತಿ ಬೊಝೆನಾಳ ಒಡಹುಟ್ಟಿದ ತಮ್ಮ. ಅವನು ತೂಬು ಎತ್ತಿದರೆ ಮಾತ್ರ ಅಲೊಯಿಸನ ಕೆರೆಗೆ ನೀರು. ಒಂದಲ್ಲ ಒಂದು ವಸಂತದಲ್ಲಿ ಇವನು ಕೈ ಕೊಡುತ್ತಾನೆ ಎಂದು ಅಲೊಯಿಸ್ ನಂಬಿಬಿಟ್ಟಿದ್ದ.

ಹೀಗಿರುವಾಗ ಮೀನುಗಳು ಮಂಕಾದವು. ದಡಕ್ಕೆ ಬಂದು ತಲೆ ಕೆಳಗೆ ಮಾಡಿ ನಿಲ್ಲುತ್ತಿದ್ದವು, ಕಿವಿರು ಬಿಳಚಿಕೊಂಡಿತ್ತು, ಕೈಯಿಂದ ಹಿಡಿದರೂ ಒದ್ದಾಡುತ್ತಿರಲಿಲ್ಲ. ಮರುವರ್ಷವೂ ಅದೇ ಕಥೆ. ಕೆರೆಯ ಯಜಮಾನರು ಬಂದು, ಇನ್ನೊಂದು ಸಲ ಹೀಗಾದರೆ ಮನೆ ಖಾಲಿ ಮಾಡಬೇಕಾಗುತ್ತದೆ ಎಂದರು. ಮೇಲಿನಿಂದ ಯಾರೋ ವಿಷ ಹಾಕುತ್ತಿದ್ದಾರೆ ಎಂದ ಅಲೊಯಿಸ್. ಯಾರೋ ಎಂದದ್ದು ಬಾಯಿಮಾತಿಗೆ. ಬೆರಳು ಆಗಲೇ ತೊಬಿಯಾಶನ ಮನೆಯತ್ತ ತಿರುಗಿತ್ತು.

ಯಜಮಾನರು ಮೀನಿನ ಡಾಕ್ಟರಮ್ಮನನ್ನು ಕಳಿಸಿದರು. ತೊಬಿಯಾಶನನ್ನೂ ಕರೆಸಿದರು. ಡಾಕ್ಟರಮ್ಮ ಮೀನೊಂದನ್ನು ಎತ್ತಿ, ರೆಕ್ಕೆಯ ಬುಡಕ್ಕೆ ಕಚ್ಚಿಕೊಂಡಿದ್ದ ಕಡ್ಡಿಯಂಥ ಜಿಗಣೆಯನ್ನು ಕಿತ್ತಳು. ಮೀನಿನ ರಕ್ತದ ಹನಿಯನ್ನು ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದಳು. ಅಲೊಯಿಸ್ ಕಣ್ಣಿಟ್ಟ. ರಕ್ತಕಣಗಳ ನಡುವೆ ಬಾಲ ಬಡಿಯುತ್ತ ಏನೋ ಹೊರಳಾಡುತ್ತಿತ್ತು.

"ವಿಷ ಅಲ್ಲ, ರಕ್ತದ ಹುಳ ಇದು. ರೋಗದ ಮೀನಿನ ರಕ್ತ ಹೀರಿದ ಜಿಗಣೆ ಹೋಗಿ ಇನ್ನೊಂದಕ್ಕೆ ಕಚ್ಚುತ್ತೆ, ಹುಳ ಅದಕ್ಕೂ ಹತ್ತುತ್ತೆ," ಎಂದಳು. "ಆದರೆ ಕೆರೆ ಒಣಗಿಸಿದರೆ ಚಳಿಗೆ ಜಿಗಣೆ ಸಾಯಬೇಕಲ್ಲ. ಮೀನು ಹಿಡಿದ ಮೇಲೆ ಚಳಿಗಾಲಕ್ಕೆ ಕೆರೆ ಒಣಗಿಸಿದ್ರಾ?"

ಅಲೊಯಿಸ್ ಬೂಟು ನೋಡಿಕೊಂಡ.

"ಎಲ್ಲಿ ಒಣಗಿಸ್ತಾರೆ," ಬೊಝೆನಾ ತಡೆಯಲಾರದೆ ಹೇಳಿಬಿಟ್ಟಳು. "ಎರಡು ವರ್ಷದಿಂದ ಮೀನು ಹಿಡಿದ ಬೆನ್ನಿಗೇ, ಮೇಲಿನ ಕೆರೆ ಬರಿದು ಮಾಡೋವಾಗ ಹರಿದು ಬರೋ ನೀರನ್ನೇ ಹಿಡಿದು ತುಂಬಿಸಿಬಿಡ್ತಾರೆ. ವಸಂತದಲ್ಲಿ ನನ್ನ ತಮ್ಮ ನೀರು ಬಿಡ್ತಾನೋ ಇಲ್ವೋ ಅಂತ ಇವರಿಗೆ ಅನುಮಾನ."

ಚಳಿಗಾಲದಲ್ಲಿ ಕೆರೆಯ ತಳ ಒಣಗಿ ಹೆಪ್ಪುಗಟ್ಟಬೇಕೆನ್ನುವುದು ಅಪ್ಪನ ಕಾಲದಿಂದ ಬಂದ ರೂಢಿ. ಅದನ್ನು ಬಿಟ್ಟು ಜಿಗಣೆಗಳನ್ನು ಬೆಚ್ಚಗೆ ಕಾಪಾಡಿದವನು ತಾನೇ ಎಂದು ಅಲೊಯಿಸನಿಗೆ ತಿಳಿಯಿತು. ತೊಬಿಯಾಶ್ ಟೋಪಿ ಹಾಕಿಕೊಂಡು ಹೊರಟುಹೋದ.

ಆ ಶರತ್ಕಾಲದಲ್ಲಿ ಅಲೊಯಿಸ್ ಕೆರೆ ಬರಿದು ಮಾಡಿ, ಉಳಿದ ಜಿಗಣೆ ಸಾಯಲೆಂದು ತಳಕ್ಕೆ ಸುಣ್ಣ ಎರಚಿದ. ಚಳಿಗಾಲವಿಡೀ ಕಲ್ಲಿನಂತಾದ ಕೆಸರನ್ನು ನೋಡುತ್ತ ಕೂತ. ಮೀನುಮರಿ ಬಿಡುವ ಹೊತ್ತಾಗುತ್ತಿತ್ತು, ಕೆರೆ ತುಂಬದಿದ್ದರೆ ಮನೆ ಹೋದಂತೆಯೇ. ಹಿಮ ಕರಗಿತು. ಕಾಲುವೆಗೆ ಹನಿ ನೀರು ಬರಲಿಲ್ಲ.

ನೋಡಿದ್ಯಾ, ನಾನು ಹೇಳಲಿಲ್ವಾ ಎಂದು ಹೆಂಡತಿಯ ಮೇಲೆ ಹಾರಾಡಿ, ಬೈಗುಳ ಹೊಂದಿಸಿಕೊಳ್ಳುತ್ತ ಮೇಲಿನ ಕೆರೆಗೆ ಹೋದ. ತೊಬಿಯಾಶ್ ತೂಬಿನ ಪಕ್ಕದಲ್ಲೇ ಕೂತು ಪೈಪು ಸೇದುತ್ತಿದ್ದ.

"ಏನು ಭಾವ, ದಾರಿ ತಪ್ಪಿ ಬಂದ್ಯಾ?"

"ನೀರೆಲ್ಲಿ?"

"ಇಲ್ಲೇ ಇದೆ. ನೀನು ಬಾಯಿಬಿಟ್ಟು ಕೇಳ್ತೀಯೇನೋ ಅಂತ ಕಾಯ್ತಾ ಇದ್ದೆ. ಇಷ್ಟು ವರ್ಷ ನೀನು ಕೇಳದಿದ್ರೂ ನಾನೇ ನೀರು ಬಿಟ್ಟೆ, ನೀನೋ ಏರಿ ಮೇಲೆ ನಿಂತು ಕಳ್ಳನ್ನ ನೋಡೋ ಹಾಗೆ ನೋಡ್ತಿದ್ದೆ."

ಹೊಂದಿಸಿಕೊಂಡು ಬಂದಿದ್ದ ಬೈಗುಳ ಅಲೊಯಿಸನ ಕೆಲಸಕ್ಕೆ ಬರಲಿಲ್ಲ. ಅವನು ಜನ್ಮದಲ್ಲಿ ಯಾರನ್ನೂ ಏನನ್ನೂ ಕೇಳಿದವನಲ್ಲ. ಕೇಳಿದರೆ ಇಲ್ಲವೆಂದಾರು ಎಂಬುದೂ ಅವನ ಒಂದು ಸಂಶಯವೇ.

"ನೀರು ಬಿಡು ಮಾರಾಯ," ಎಂದ. ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ.

ತೊಬಿಯಾಶ್ ಎದ್ದು ತೂಬು ಎತ್ತಿದ. ಅಲೊಯಿಸ್ ಕಾಲುವೆಯ ಗುಂಟ ನೀರಿನ ಜೊತೆಗೇ ಮನೆ ಕಡೆ ನಡೆದ. ಕಣ್ಣು ತುಂಬಿ ಬಂದಿತ್ತು. ಆದರೂ ತಿರುವಿನಲ್ಲಿ ಒಮ್ಮೆ ನಿಂತು, ತೊಬಿಯಾಶ್ ತೂಬು ಮುಚ್ಚಿಬಿಟ್ಟನೇನೋ ಎಂದು ಹಿಂತಿರುಗಿ ನೋಡಿದ.

ತೊಬಿಯಾಶ್ ಅಲ್ಲೇ ನಿಂತು ಇವನನ್ನೇ ನೋಡುತ್ತಿದ್ದ.